ಚಿಕ್ಕಮ್ಮನ ಬಾಣಂತನ

ನಮ್ಮ ಮನೆಯೊಳಗೆ ಬೆಳ್ಳುಳ್ಳಿ ಕಾಲಿಟ್ಟಿತೆಂದರೆ ಯಾರೋ ಹೆರಿಗೆಗೆ ಬಂದಿದ್ದಾರೆಂದೇ ಅರ್ಥ. ಮಿಕ್ಕ ದಿನಗಳಲ್ಲಿ ಅದರ ಹೆಸರೆತ್ತಲೂ ಅಜ್ಜಿ ಬಿಡುತ್ತಿರಲಿಲ್ಲ. ಬಾಣಂತಿಗೆ ಮಾತ್ರ ವಿನಾಯಿತಿ. ಹಿತ್ತಿಲಲ್ಲಿ ಬೇರೆ ಒಲೆ ಹೂಡಿ, ಅದಕ್ಕೆಂದೇ ಇಟ್ಟ ಬಾಣಲೆಯಲ್ಲಿ ಎಸಳುಗಳನ್ನು ತುಪ್ಪ ಹಾಕಿ ಕೆಂಪಗೆ ಹುರಿದು, ಮೆಣಸಿನ ಸಾರಿನ ಜೊತೆ ಬಿಸಿ ಅನ್ನಕ್ಕೆ ಕಲಸಿ ಕೊಡುತ್ತಿದ್ದಳು. ಆ ವಾಸನೆ ಹಿತ್ತಿಲಿನಿಂದ ನಡುಮನೆ ದಾಟಿ ವರಾಂಡದವರೆಗೂ ಬರುತ್ತಿತ್ತು. ಜಯನಗರದ ನಾಲ್ಕನೇ ಟಿ ಬ್ಲಾಕಿನ ಕೊನೆಯ ಸಾಲಿನಲ್ಲಿತ್ತು ನಮ್ಮ ಮನೆ. ಮುಂದಿನ ರಸ್ತೆ ದಾಟಿದರೆ ತಿಲಕ್ ನಗರ. ಮುಂದೆ ವರಾಂಡ, ನಡುವೆ ರೆಡ್ ಆಕ್ಸೈಡ್ ನೆಲದ ನಡುಮನೆ, ಅದರ ಒಂದು ಮಗ್ಗುಲಿಗೆ ಅಡಿಗೆಮನೆ ಮತ್ತು ದೇವರಮನೆ, ಇನ್ನೊಂದು ಮಗ್ಗುಲಿಗೆ ಒಂದೇ ಕಿಟಕಿಯ ಚಿಕ್ಕ ಕೋಣೆ. ಆ ಕೋಣೆಯಲ್ಲಿ ಮಾಮೂಲಿಗೆ ಅಕ್ಕಿ ಡ್ರಮ್ಮು, ಮಡಿಸಿಟ್ಟ ಹಾಸಿಗೆ, ನನ್ನ ಸ್ಕೂಲಿನ ಪುಸ್ತಕಗಳು. ಯಾರಾದರೂ ಹೆರಿಗೆಗೆ ಬಂದರೆ ಅದೇ ಬಾಣಂತಿ ಕೋಣೆ. ಆಗ ಕಿಟಕಿಗೆ ಹಳೇ ಸೀರೆ ಕಟ್ಟಿ ಗಾಳಿ ತಡೆಯುತ್ತಿದ್ದರು. ಮಂಚದ ಕೆಳಗೆ ಕೆಂಡದ ಬೋಗುಣಿ, ಅದರ ಮೇಲೆ ಸಾಂಬ್ರಾಣಿ. ನನ್ನ ಪುಸ್ತಕಗಳು ವರಾಂಡಕ್ಕೆ ಬರುತ್ತಿದ್ದವು.

ಅಜ್ಜಿ ಎಂದರೆ ಅಪ್ಪನ ತಾಯಿ. ಮನೆ ಅವಳ ಮಾತಿನ ಮೇಲೆ ನಡೆಯುತ್ತಿತ್ತು. ಮಡಿಯುಟ್ಟು ಒಳಗೆ ಹೋದಳೆಂದರೆ ಅಡಿಗೆ ಮುಗಿಯುವ ತನಕ ಅವಳನ್ನು ಯಾರೂ ಮುಟ್ಟುವಂತಿರಲಿಲ್ಲ. ಅಮ್ಮ ಅವಳಿಗೆ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ. ಹಾಗೆಂದು ಅಮ್ಮ ಮೆತ್ತಗಿನವಳಲ್ಲ. ಅವಳ ರೀತಿಯೇ ಬೇರೆ. ಜಗಳ ಆಡುತ್ತಿರಲಿಲ್ಲ, ಒಂದು ಮಾತು ಹೇಳಿ ಕೆಲಸ ಶುರು ಮಾಡಿಬಿಡುತ್ತಿದ್ದಳು. ನನ್ನನ್ನು ಹುಡುಗಿಯರ ಸ್ಕೂಲು ಬಿಡಿಸಿ ದೊಡ್ಡ ಸ್ಕೂಲಿಗೆ ಹಾಕಿದ್ದೂ ಹಾಗೆಯೇ. ಮನೆಯವರು ವಿಷಯ ಚರ್ಚೆ ಮಾಡಬೇಕು ಎಂದುಕೊಳ್ಳುವಷ್ಟರಲ್ಲಿ ಯೂನಿಫಾರಂ ಹೊಲಿಸಿ ಆಗಿತ್ತು.

ಅವರಿಬ್ಬರ ನಡುವೆ ಮಾತಿಗೆ ಬಾರದ ಒಂದು ವಿಷಯವಿತ್ತು. ನನ್ನ ಬೆನ್ನಿಗೆ ಹುಟ್ಟಿದ ತಮ್ಮ. ಅವನು ಹುಟ್ಟಿದ ಕೆಲವೇ ವಾರಗಳಲ್ಲಿ ಅಮ್ಮನಿಗೆ ಟೈಫಾಯಿಡ್ ಬಂದು ಹಾಲು ನಿಂತುಹೋಯಿತಂತೆ. ಡಬ್ಬದ ಹಾಲು ಕೊಟ್ಟರು. ಬೇಸಿಗೆ. ವಾಂತಿ ಭೇದಿ ಶುರುವಾಯಿತು, ಮಗು ಉಳಿಯಲಿಲ್ಲ. ನನಗೆ ನೆನಪಿರುವುದು ನನ್ನ ಬೆರಳನ್ನು ಅವನು ಹಿಡಿದುಕೊಳ್ಳುತ್ತಿದ್ದ ಬಿಗಿ, ಆಮೇಲೆ ಒಂದು ದಿನ ಸ್ಕೂಲಿನಿಂದ ಬಂದಾಗ ನಡುಮನೆಯಲ್ಲಿ ತೊಟ್ಟಿಲು ಇಲ್ಲದ್ದು. ಅವನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ.

ಪದ್ಮ ಚಿಕ್ಕಮ್ಮ ಅಮ್ಮನ ತಂಗಿ. ಅವರ ತಾಯಿ ಬೇಗ ತೀರಿಕೊಂಡಿದ್ದರಿಂದ ಚಿಕ್ಕಮ್ಮನಿಗೆ ಅಕ್ಕನ ಮನೆಯೇ ತವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ. ಎಷ್ಟು ಬೇಗ ಮಾತಾಡುತ್ತಿದ್ದಳೆಂದರೆ ಅಜ್ಜಿ ‘ಇವಳ ಮಾತಿಗೆ ಟ್ರಂಕ್ ಕಾಲ್ ಚಾರ್ಜ್ ಹಾಕ್ಬೇಕು’ ಎನ್ನುತ್ತಿದ್ದಳು. ಬಸವನಗುಡಿಯ ಅನುಕೂಲಸ್ಥರ ಮನೆಗೆ ಕೊಟ್ಟಿದ್ದರು. ಸೀಮಂತ ಮುಗಿಸಿಕೊಂಡು ಅವಳು ನಮ್ಮ ಮನೆಗೆ ಬಂದ ದಿನ ನಾನು ಸಂತೋಷದಿಂದಲೇ ಪುಸ್ತಕಗಳನ್ನು ವರಾಂಡಕ್ಕೆ ಸಾಗಿಸಿದೆ.

ಹೆರಿಗೆ ಎಣಿಸಿದ್ದಕ್ಕಿಂತ ಮುಂಚೆಯೇ ಆಯಿತು. ಹೆಣ್ಣು ಮಗು, ಬಹಳ ಚಿಕ್ಕದು. ನರ್ಸಿಂಗ್ ಹೋಮಿನಲ್ಲಿ ಅದನ್ನು ಬೇರೆ ರೂಮಿನಲ್ಲಿ ಇಟ್ಟು ಬಾಟಲಿಯಲ್ಲಿ ಗ್ಲೂಕೋಸ್ ನೀರು, ಆಮೇಲೆ ಹಾಲು ಕೊಟ್ಟರು. ಚಿಕ್ಕಮ್ಮನ ಕೈಗೆ ಮಗು ಸರಿಯಾಗಿ ಸಿಕ್ಕಿದ್ದೇ ಮನೆಗೆ ಬಂದ ಮೇಲೆ. ಅಷ್ಟು ಹೊತ್ತಿಗೆ ಅದಕ್ಕೆ ರಬ್ಬರಿನ ನಿಪ್ಪಲ್ಲೇ ರೂಢಿಯಾಗಿತ್ತು. ಮೊಲೆಗೆ ಹಚ್ಚಿದರೆ ಮುಖ ತಿರುಗಿಸಿ ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಕಿರುಚುತ್ತಿತ್ತು. ಅಜ್ಜಿಗೆ ಅದೇನೂ ದೊಡ್ಡ ವಿಷಯ ಎನ್ನಿಸಲಿಲ್ಲ. ಮೊದಲ ದಿನಗಳ ಹಳದಿ ಗಿಣ್ಣು ಹಾಲು ಮಗುವಿಗೆ ಆಗುವುದಿಲ್ಲ, ಹಿಂಡಿ ಚೆಲ್ಲಬೇಕು ಎಂಬುದು ಅವಳ ಕಾಲದ ನಂಬಿಕೆ. ಚಿಕ್ಕಮ್ಮನ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ಕಾರಿನಲ್ಲಿ ಬಂದು ಗುಂಡು ಕೆನ್ನೆಯ ಮಗುವಿನ ಚಿತ್ರವಿದ್ದ ಹಾಲಿನಪುಡಿ ಡಬ್ಬಗಳನ್ನು ನಡುಮನೆಯಲ್ಲಿ ಸಾಲಾಗಿ ಇಟ್ಟರು.

“ಈಗಿನ ಕಾಲದಲ್ಲಿ ಯಾರು ರೀ ಕುಡಿಸ್ತಾರೆ? ನಮ್ ಕಡೆ ಮಕ್ಳೆಲ್ಲ ಇದ್ರಲ್ಲೇ ಬೆಳ್ದಿರೋದು. ಪದ್ಮಂಗೆ ರೆಸ್ಟೂ ಸಿಗುತ್ತೆ.”

ಅವರು ಹೋದ ಮೇಲೆ ಅಮ್ಮ ಬಾಣಂತಿ ಕೋಣೆಗೆ ಹೋಗಿ ಮಂಚದ ಅಂಚಿಗೆ ಕೂತಳು.

“ಪದ್ಮಾ, ಅವ್ರಿವ್ರು ಬಿಡು. ನಿಂಗೇನು ಇಷ್ಟ?”

“ನಂಗೆ ಕುಡಿಸ್ಬೇಕು ಅಂತಿದೆ ಅಕ್ಕ. ಆದ್ರೆ ಅವ್ಳು ಬಾಯೇ ಹಾಕಲ್ವಲ್ಲ. ನನ್ನ ಕಂಡ್ರೆ ಅಳ್ತಾಳೆ ಕಣೇ.”

ಚಿಕ್ಕಮ್ಮ ಅತ್ತಿದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. ಬೇಗ ಬೇಗ ಮಾತಾಡುತ್ತಿದ್ದವಳು ಒಂದೊಂದೇ ಪದ ಹುಡುಕಿ ಹುಡುಕಿ ಆಡುತ್ತಿದ್ದಳು.

ಕುಡಿಯುವ ಬಾಯಿ ಇಲ್ಲದೆ ಹಾಲು ಕಟ್ಟಿಕೊಂಡಿತು. ಎಡಗಡೆಯದು ಕಲ್ಲಿನ ಹಾಗೆ ಗಟ್ಟಿಯಾಗಿ, ಮೈಯೆಲ್ಲ ಚಳಿ ಜ್ವರ. ಅಜ್ಜಿ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯ ಶಾಖ ಕೊಟ್ಟಳು. ಆದರೆ ಆಗಲೇ ಒಳಗೆ ಕೀವಾಗಿತ್ತು. ನರ್ಸಿಂಗ್ ಹೋಮಿನಲ್ಲಿ ಸೀಳಿ ಕೀವು ತೆಗೆದು ಬ್ಯಾಂಡೇಜು ಕಟ್ಟಿ ಕಳಿಸಿದರು. ಹಾಲು ಬತ್ತಲು ಮಾತ್ರೆ ಬರೆದುಕೊಡುತ್ತೇವೆ ಎಂದು ಡಾಕ್ಟರು ಹೇಳಿದಾಗ ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ ‘ಬೇಡ’ ಎಂದಳಂತೆ. ‘ಇನ್ನೊಂದು ಕಡೆ ಸರಿಯಾಗಿದೆಯಲ್ಲ’ ಎಂದಳಂತೆ. ಅಷ್ಟು ಜ್ವರದಲ್ಲೂ ಅವಳು ಹಾಗೆ ಹೇಳಿದ್ದನ್ನು ಅಮ್ಮ ಮನೆಗೆ ಬಂದು ನಮಗೆಲ್ಲ ಮತ್ತೆ ಮತ್ತೆ ಹೇಳಿದಳು.

ಮಗು ಮಾತ್ರ ಡಬ್ಬದ ಹಾಲಿನ ಮೇಲೆಯೇ ಇತ್ತು. ಆ ವಾರವೇ ಅದಕ್ಕೆ ವಾಂತಿ ಹಿಡಿಯಿತು, ಹಿಂದೆಯೇ ಭೇದಿ. ಬಾಟಲಿಯನ್ನು ಎಷ್ಟು ಕುದಿಸಿದರೂ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ನಾನು ಸ್ಕೂಲಿಗೆ ಹೊರಟು ಜಡೆ ಹಾಕಿಸಿಕೊಳ್ಳಲು ಅಜ್ಜಿಯ ಹತ್ತಿರ ಹೋದರೆ ಅವಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದರ ನೆತ್ತಿಯ ಮೇಲೆ ಬೆರಳಿಟ್ಟುಕೊಂಡಿದ್ದಳು. ನೆತ್ತಿ ಕುಳಿ ಬಿದ್ದಿತ್ತು. ಮಗು ಅಳುತ್ತಿರಲಿಲ್ಲ, ಅಳುವಷ್ಟು ಶಕ್ತಿ ಇರಲಿಲ್ಲ.

“ಲಲಿತಾ,” ಎಂದು ಅಜ್ಜಿ ಅಮ್ಮನನ್ನು ಕರೆದಳು. “ಬಾ ಇಲ್ಲಿ. ಅವನಿಗೂ ಹೀಗೇ ಆಗಿತ್ತು.”

ಅಮ್ಮ ಅಡಿಗೆಮನೆಯಿಂದ ಬಂದವಳು ನಿಂತಲ್ಲೇ ನಿಂತಳು. ಆಮೇಲೆ ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಅಪ್ಪನಿಗೆ ಆಟೋ ಹಿಡಿಯಲು ಹೇಳಿ ಹೊರಟೇಬಿಟ್ಟಳು. ಮಕ್ಕಳ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಎರಡು ದಿನ ಇಟ್ಟುಕೊಂಡು ಕಳಿಸಿದರು. ಅಲ್ಲಿದ್ದ ವಯಸ್ಸಾದ ಲೇಡಿ ಡಾಕ್ಟರು ಹೊರಡುವಾಗ ಅಮ್ಮನನ್ನು ಪಕ್ಕಕ್ಕೆ ಕರೆದು ನೇರವಾಗಿ ಹೇಳಿದರಂತೆ: ಈ ಮಗುವಿಗೆ ಡಬ್ಬದ ಹಾಲು ಹಿಡಿಸುತ್ತಿಲ್ಲ. ತಾಯಿಗೆ ಈಗ ಆಗದಿದ್ದರೆ, ಆರೋಗ್ಯವಾಗಿರುವ ಬೇರೆ ಬಾಣಂತಿ ಯಾರಾದರೂ ಇದ್ದರೆ ನೋಡಿ. ಇನ್ನೊಂದು ಸಲ ಹೀಗಾದರೆ ನಾನು ಭರವಸೆ ಕೊಡಲಾರೆ.

ನಮ್ಮ ರಸ್ತೆಯಲ್ಲಿ ಹಾಲು ಕುಡಿಸುವ ತಾಯಿ ಇದ್ದದ್ದು ಒಬ್ಬರೇ. ಎದುರು ಮನೆಯ ಸುಜಾತ ಆಂಟಿ. ಅವರ ಯಜಮಾನರು ಅಪ್ಪನ ಆಫೀಸಿನಲ್ಲಿಯೇ ಅಪ್ಪನಿಗಿಂತ ಒಂದು ಮೆಟ್ಟಿಲು ಮೇಲಿನ ಅಧಿಕಾರಿ. ಪುಟ್ಟೇನಹಳ್ಳಿಯ ಹಳೇ ಮನೆತನದವರು, ಬೌದ್ಧರು. ಅವರ ಮುಂದಿನ ರೂಮಿನ ಗೋಡೆಯ ಮೇಲೆ ಬುದ್ಧನ ದೊಡ್ಡ ಪಟ ನಮ್ಮ ವರಾಂಡದಿಂದಲೇ ಕಾಣುತ್ತಿತ್ತು. ಹುಳಿಮಾವಿನ ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಗಂಡುಮಗು ಆನಂದನನ್ನು ಎತ್ತಿಕೊಂಡು ಬಂದು ಕೆಲವು ತಿಂಗಳಾಗಿತ್ತು. ಅವರು ಈ ರಸ್ತೆಗೆ ಹೊಸದಾಗಿ ಬಂದಾಗ ಅರಿಶಿನ ಕುಂಕುಮಕ್ಕೆಂದು ಅಮ್ಮ ಕರೆದಿದ್ದಳು. ಸುಜಾತ ಆಂಟಿ ಬಂದು ವರಾಂಡದಲ್ಲಿ ಕೂತು ಹೋದರು. ಅವರು ಇನ್ನೂ ಗೇಟು ದಾಟುವ ಮೊದಲೇ ಅಜ್ಜಿ ಚೊಂಬಿನಲ್ಲಿ ನೀರು ತಂದು ಅವರು ಕೂತ ಜಾಗಕ್ಕೆ ಚಿಮುಕಿಸಿದಳು. ಗೇಟಿನ ಚಿಲಕ ಹಾಕಲು ತಿರುಗಿದ ಸುಜಾತ ಆಂಟಿ ಅದನ್ನು ನೋಡಿದರು. ಆಮೇಲೆ ಅವರು ನಮ್ಮ ಮನೆ ಕಡೆ ಮುಖ ಮಾಡಿರಲಿಲ್ಲ.

ಅಮ್ಮ ನನ್ನ ಕೈ ಹಿಡಿದುಕೊಂಡು ಅವರ ಮನೆಗೆ ಹೋದಳು. ಸುಜಾತ ಆಂಟಿ ಒಳಗೆ ಕರೆದು ಕೂರಿಸಿ ಎಲ್ಲವನ್ನೂ ಕೇಳಿಸಿಕೊಂಡರು.

“ಲಲಿತಾ ಅವ್ರೇ, ನಂಗೆ ಹಾಲಿಗೇನೂ ಕಮ್ಮಿ ಇಲ್ಲ. ಮಗು ಅಂದ್ಮೇಲೆ ಯಾರ್ ಮಗು ಆದ್ರೇನು, ಕೊಡ್ತೀನಿ. ಆದ್ರೆ ಒಂದು ಮಾತು. ನಾನು ಹಿತ್ತಿಲ ಬಾಗಿಲಿಂದ ಬರಲ್ಲ. ವರಾಂಡದಲ್ಲೂ ಕೂರಲ್ಲ. ಮುಂದಿನ ಬಾಗಿಲಿಂದ ಬರ್ತೀನಿ, ನಡುಮನೇಲಿ ಕೂತು ಕುಡಿಸ್ತೀನಿ. ಅದು ನಿಮ್ ಮನೇಲಿ ಆಗುತ್ತಾ?”

“ಆಗುತ್ತೆ,” ಎಂದಳು ಅಮ್ಮ.

“ನಿಮ್ ಅತ್ತೇನ ಕೇಳ್ಬೇಡ್ವಾ?”

“ಹೇಳ್ತೀನಿ. ಕೇಳಲ್ಲ.”

ಮನೆಗೆ ಬಂದಾಗ ಅಜ್ಜಿ ಮಗುವಿಗೆ ಮೂತಿಯಿರುವ ಪುಟ್ಟ ಒಳಲೆಯಲ್ಲಿ ಸಕ್ಕರೆ ಉಪ್ಪಿನ ನೀರು ಕುಡಿಸುತ್ತಿದ್ದಳು. ಅಪ್ಪ ಪೇಪರು ಹಿಡಿದು ಕೂತಿದ್ದರು. ಅಮ್ಮ ಅವಳೆದುರಿಗೆ ನೆಲದ ಮೇಲೆಯೇ ಕೂತಳು.

“ಅತ್ತೆ, ಎದುರು ಮನೆ ಸುಜಾತ ಬರ್ತಾರೆ. ಮುಂದಿನ ಬಾಗಿಲಿಂದ ಬಂದು ಇಲ್ಲೇ ಕೂತು ಮಗೂಗೆ ಹಾಲು ಕೊಡ್ತಾರೆ. ನಿಮ್ಗೆ ಆಗಲ್ಲ ಅಂದ್ರೆ ಈಗ್ಲೇ ಹೇಳಿ. ಪದ್ಮನ್ನೂ ಮಗೂನೂ ಕರ್ಕೊಂಡು ನಾನೇ ಅವ್ರ ಮನೇಗೆ ಹೋಗಿ ಇರ್ತೀನಿ.”

ಅಜ್ಜಿಯ ಕೈಯಲ್ಲಿದ್ದ ಒಳಲೆ ಅಲ್ಲೇ ನಿಂತಿತು.

“ಹುಚ್ಚು ಹಿಡೀತಾ ನಿಂಗೆ? ಈ ಮನೆ ಮಡಿ ಏನಾಗ್ಬೇಕು?”

“ಮಡಿ ಅವತ್ತೂ ಇತ್ತಲ್ಲ ಅತ್ತೆ. ನನ್ನ ಮಗ ಉಳುದ್ನಾ?”

ಅಪ್ಪ ಪೇಪರು ಮಡಿಸಿದರು. ಅಜ್ಜಿ ಮಗುವನ್ನು ಅಮ್ಮನ ತೊಡೆಗೆ ಹಾಕಿ ಎದ್ದು ದೇವರಮನೆಗೆ ಹೋದಳು. ಬಹಳ ಹೊತ್ತು ಅಲ್ಲಿಂದ ಗಂಟೆಯ ಸದ್ದೂ ಬರಲಿಲ್ಲ, ಮಂತ್ರವೂ ಕೇಳಲಿಲ್ಲ. ಹೊರಗೆ ಬಂದವಳು ಯಾರ ಮುಖವನ್ನೂ ನೋಡದೆ ಮುಂಬಾಗಿಲಿಗೆ ಹೋಗಿ ಎರಡೂ ಕದಗಳನ್ನು ತೆಗೆದಳು. ಮಾಮೂಲಿಗೆ ನಮ್ಮ ಮನೆಯಲ್ಲಿ ಒಂದೇ ಕದ ತೆಗೆಯುತ್ತಿದ್ದದ್ದು. ಆಮೇಲೆ ನಡುಮನೆಯಲ್ಲಿ ಗೋಡೆಗೆ ಒತ್ತಿ ಚಾಪೆ ಹಾಸಿ, ಅದರ ಮೇಲೆ ಜಮಖಾನ ಹಾಕಿ, ತನ್ನ ದಿಂಬನ್ನೇ ತಂದಿಟ್ಟಳು.

ಸುಜಾತ ಆಂಟಿ ಇಸ್ತ್ರಿ ಮಾಡಿದ ಸೀರೆಯುಟ್ಟು, ಮದುವೆಗೆ ಹೊರಟವರ ಹಾಗೆ ಹೂ ಮುಡಿದು, ಆನಂದನನ್ನು ಸೊಂಟದ ಮೇಲೆ ಕೂರಿಸಿಕೊಂಡು ರಸ್ತೆ ದಾಟಿ ಬಂದರು. ಹೊಸಿಲ ಹತ್ತಿರ ಒಂದು ಗಳಿಗೆ ನಿಂತರು. ಅಮ್ಮ ‘ಬನ್ನಿ’ ಎಂದಳು. ಬಂದು ಕೂತರು. ಮಗು ಮೊದಲು ಬಾಯಿ ತೆರೆಯಲೇ ಇಲ್ಲ. ಸುಜಾತ ಆಂಟಿ ಅವಸರ ಮಾಡಲಿಲ್ಲ. ಒಂದೆರಡು ತೊಟ್ಟು ಹಾಲನ್ನು ಅದರ ತುಟಿಗೆ ಸವರಿ, ಕಾದು, ಮತ್ತೆ ಸವರಿದರು. ಮಗು ನಾಲಿಗೆ ಚಾಚಿತು. ಆಮೇಲೆ ಒಮ್ಮೆ ಬಾಯಿ ಅಗಲಿಸಿತು. ಗೊಟಕ್, ಗೊಟಕ್ ಎಂದು ನುಂಗುವ ಸದ್ದು ನಡುಮನೆಯಲ್ಲಿ ಎಲ್ಲರಿಗೂ ಕೇಳಿಸಿತು. ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದ ಅಜ್ಜಿ ಸುಜಾತ ಆಂಟಿಯೊಡನೆ ಮೊದಲ ಮಾತು ಆಡಿದ್ದು ಆಗಲೇ.

“ದಿಂಬು ಬೆನ್ನಿಗೆ ಇಟ್ಕೋಮ್ಮ. ಬೆನ್ನು ಎಳೀತಿದ್ರೆ ಹಾಲು ಇಳಿಯಲ್ಲ.”

ಇದನ್ನು ಓದುವವರು ಅಜ್ಜಿ ಅಂದೇ ಬದಲಾದಳೆಂದು ತಿಳಿಯಬಾರದು. ಸುಜಾತ ಆಂಟಿ ಹೋದ ಮೇಲೆ ಅವಳು ನಡುಮನೆ ಒರೆಸಿದಳು. ಆದರೆ ಚೊಂಬು ಹಿಡಿದು ಬಾಗಿಲಿಗೆ ಬರಲಿಲ್ಲ, ಅವರ ಗೇಟು ಹಾಕಿದ ಸದ್ದು ಕೇಳುವ ತನಕ ಒರೆಸುವ ಬಟ್ಟೆಯನ್ನು ಮುಟ್ಟಲಿಲ್ಲ. ಸುಜಾತ ಆಂಟಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬರುತ್ತಿದ್ದರು. ಮಿಕ್ಕ ಹೊತ್ತಿಗೆಂದು ಒಂದು ಬೆಳ್ಳಿ ಬಟ್ಟಲಿನಲ್ಲಿ ಹಾಲು ಹಿಂಡಿಟ್ಟು ಹೋಗುತ್ತಿದ್ದರು, ಅದನ್ನು ಅಜ್ಜಿ ಒಳಲೆಯಲ್ಲಿ ಕುಡಿಸುತ್ತಿದ್ದಳು. ಕೆಲವು ದಿನ ಕಳೆದ ಮೇಲೆ ಒರೆಸುವುದು ತಾನಾಗಿ ನಿಂತಿತು. ಆ ಹೊತ್ತಿಗೆ ಅಜ್ಜಿ ಹಿತ್ತಿಲ ಒಲೆಯ ಮೇಲೆ ಬೆಳ್ಳುಳ್ಳಿಯನ್ನು ಇಬ್ಬರಿಗೆ ಆಗುವಷ್ಟು ಹುರಿಯುತ್ತಿದ್ದಳು. ಎರಡು ಮಕ್ಕಳಿಗೆ ಹಾಲು ಕೊಡುವವಳು ಒಬ್ಬಳು ಉಣ್ಣುವಷ್ಟೇ ಉಂಡರೆ ಹೇಗೆ ಎಂದು ಅಜ್ಜಿ ಯಾರಿಗೂ ಅಲ್ಲ ಎಂಬಂತೆ ಗೊಣಗಿಕೊಳ್ಳುತ್ತಿದ್ದಳು.

ಮಗುವಿನ ಜೀವ ಉಳಿಯಿತು. ಆದರೆ ಅಮ್ಮನಿಗೆ ಅಷ್ಟು ಸಾಕಾಗಲಿಲ್ಲ, ಚಿಕ್ಕಮ್ಮನಿಗಂತೂ ಸಾಕಾಗಲೇ ಇಲ್ಲ. ಜ್ವರ ಇಳಿದ ದಿನವೇ ಅವಳು ಗೋಡೆ ಹಿಡಿದುಕೊಂಡು ನಡುಮನೆಗೆ ಬಂದು ಸುಜಾತ ಆಂಟಿಯ ಪಕ್ಕದಲ್ಲಿ ಕೂತಳು. ಎಡಗಡೆ ಬ್ಯಾಂಡೇಜು, ಬಲಗಡೆ ಹಾಲೇ ಇಲ್ಲವೇನೋ ಎಂಬಂತೆ ಒಣಗಿತ್ತು.

“ನಂಗೆ ಹೇಳ್ಕೊಡಿ,” ಎಂದಳು.

ನಾನು ಸ್ಕೂಲಿನಿಂದ ಬಂದವಳೇ ಅವರೆದುರಿಗೆ ತಿಂಡಿ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದೆ. ಅಜ್ಜಿಗೆ ನಾನಲ್ಲಿ ಕೂರುವುದು ಇಷ್ಟವಿರಲಿಲ್ಲ, ಅಮ್ಮ ನನ್ನನ್ನು ಏಳಿಸಲಿಲ್ಲ. ಹಸಿದು ಕಿರುಚುವ ಮಗುವನ್ನು ಮೊಲೆಗೆ ಹಚ್ಚಿದರೆ ಅದಕ್ಕೆ ಸಿಟ್ಟೇ ಹೆಚ್ಚು ಎಂದು ಸುಜಾತ ಆಂಟಿ ಕಂಡುಕೊಂಡಿದ್ದರು. ಅದಕ್ಕೆ ಮೊದಲು ತಾವು ಸ್ವಲ್ಪ ಕುಡಿಸಿ, ಹಸಿವಿನ ಬಿರುಸು ಇಳಿದ ಮೇಲೆ ಮೆಲ್ಲಗೆ ಎತ್ತಿ ಚಿಕ್ಕಮ್ಮನ ಬಲಗಡೆಗೆ ಕೊಡುತ್ತಿದ್ದರು. ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ ಹಿಡಿಯಬೇಕು, ತಾಯಿ ಬಗ್ಗಬಾರದು, ಮಗುವನ್ನೇ ಎತ್ತಿಕೊಳ್ಳಬೇಕು, ಬಾಯಿ ಆಕಳಿಸುವಷ್ಟು ತೆರೆಯುವ ತನಕ ಕಾಯಬೇಕು ಎಂದು ಅಮ್ಮ ಹೇಳುತ್ತಿದ್ದಳು. ಮಕ್ಕಳ ಆಸ್ಪತ್ರೆಯ ಲೇಡಿ ಡಾಕ್ಟರ ಹತ್ತಿರ ಮತ್ತೆ ಹೋಗಿ, ಕಾದು ನಿಂತು, ಕೇಳಿಕೊಂಡು ಬಂದಿದ್ದಳು. ಮಗು ಬಾಯಿ ಹಾಕುತ್ತಿತ್ತು, ಬಿಡುತ್ತಿತ್ತು. ಹಾಕುತ್ತಿತ್ತು, ಬಿಡುತ್ತಿತ್ತು. ತೊಟ್ಟು ಒಡೆದು ರಕ್ತ ಬಂದ ದಿನ ಚಿಕ್ಕಮ್ಮ ಹಲ್ಲು ಕಚ್ಚಿಕೊಂಡು ನನ್ನ ಕೈ ಹಿಡಿದ ರಭಸಕ್ಕೆ ನನ್ನ ಬಳೆ ಒಡೆಯಿತು.

“ಇವತ್ತಿಗೆ ಸಾಕು ಪದ್ಮಾ,” ಎಂದಳು ಅಮ್ಮ.

“ಇನ್ನೊಂದ್ಸಲ,” ಎಂದಳು ಚಿಕ್ಕಮ್ಮ.

ಆ ದಿನಗಳ ಮಧ್ಯದಲ್ಲಿಯೇ ಒಂದು ಭಾನುವಾರ ಬೀಗಿತ್ತಿ ಮಗನ ಜೊತೆ ಬಂದರು. ಎರಡೂ ಕದ ತೆರೆದಿದ್ದ ಬಾಗಿಲಿನಿಂದ ನೇರ ಒಳಗೆ ಬಂದವರಿಗೆ ಕಂಡದ್ದು ತಮ್ಮ ಮೊಮ್ಮಗಳು ಅಪರಿಚಿತ ಹೆಂಗಸಿನ ಮಡಿಲಲ್ಲಿ ಹಾಲು ಕುಡಿಯುತ್ತಿದ್ದದ್ದು. ಚಿಕ್ಕಪ್ಪ ನಾಚಿಕೊಂಡು ವರಾಂಡಕ್ಕೆ ಹಿಂತಿರುಗಿದರು.

“ಯಾರಿವ್ರು? ಯಾವ ಪೈಕಿ?” ಬೀಗಿತ್ತಿ ಅಜ್ಜಿಯನ್ನು ಕೇಳಿದರು.

ಸೆರಗು ಸರಿಮಾಡಿಕೊಂಡು ಸುಜಾತ ಆಂಟಿಯೇ ಉತ್ತರ ಕೊಟ್ಟರು.

“ನಾನು ಸುಜಾತ ಅಂತ. ಎದುರು ಮನೆ.”

“ಅದನ್ನ ಕೇಳಿದ್ದಲ್ಲ ನಾನು.”

ಅಷ್ಟರಲ್ಲಿ ಚಿಕ್ಕಮ್ಮ ಬಾಣಂತಿ ಕೋಣೆಯಿಂದ ಬಂದಳು. ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದಳು.

“ಅತ್ತೆ, ಕೇಳೋದಿದ್ರೆ ನನ್ನ ಕೇಳಿ. ಮಗು ಇವತ್ತು ಬದುಕಿರೋದು ಇವ್ರಿಂದ. ನಂಗೆ ಪೂರ್ತಿ ಹಾಲು ಬರೋ ತನಕ ಇವ್ರೇ ಕೊಡ್ತಾರೆ. ಆಮೇಲೆ ನಾನ್ ಕೊಡ್ತೀನಿ. ಡಬ್ಬ ವಾಪಸ್ ತಗೊಂಡ್ಹೋಗಿ.”

“ನಮ್ಮ ಮನೆತನಕ್ಕೆ ಇದೆಲ್ಲ ಆಗಲ್ಲ ಪದ್ಮಾ. ಹೊರಡು, ಮಗೂನ ಎತ್ಕೋ. ನಮ್ಮನೇಲಿ ಆಯಾ ಇಡ್ತೀನಿ.”

“ಬರಲ್ಲ ಅತ್ತೆ.”

ಬೀಗಿತ್ತಿ ಅಜ್ಜಿಯ ಕಡೆ ತಿರುಗಿದರು. ನಮ್ಮ ಅಜ್ಜಿ ತಮ್ಮ ಪರ ಮಾತಾಡುತ್ತಾಳೆಂಬ ನಂಬಿಕೆ ಅವರಿಗಿತ್ತು. ನನಗೂ ಅದೇ ಭಯವಿತ್ತು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಎದ್ದು, ಮಗುವಿನ ಹತ್ತಿರ ಹೋಗಿ, ಅದರ ನೆತ್ತಿಯ ಮೇಲೆ ಬೆರಳಾಡಿಸಿದಳು.

“ಇಲ್ನೋಡಿ ಬೀಗ್ತಿ. ಮೊನ್ನೆ ಇಲ್ಲಿ ನನ್ನ ಬೆರಳು ಇಳೀತಿತ್ತು. ಈಗ ತುಂಬಿದೆ. ಇಂಥದ್ದೊಂದು ಮಗೂನ ನಾನು ಒಂದ್ಸಲ ಕಳ್ಕೊಂಡಿದೀನಿ. ಇನ್ನೊಂದ್ಸಲ ನನ್ ಕೈಲಾಗಲ್ಲ. ಕೂತ್ಕೊಳ್ಳಿ, ಕಾಫಿ ಕುಡಿದು ಹೋಗಿ.”

ಅವರು ಕಾಫಿ ಕುಡಿಯಲಿಲ್ಲ. ಹೋಗಿ ಕಾರಿನಲ್ಲಿ ಕೂತರು. ವರಾಂಡದಲ್ಲಿದ್ದ ಚಿಕ್ಕಪ್ಪ ಮಾತ್ರ ಅಮ್ಮನನ್ನು ಕರೆದು ‘ಅತ್ತಿಗೆ, ಪದ್ಮಂಗೆ ಏನೇನು ಬೇಕು ಹೇಳಿ, ನಾನು ತಂದುಕೊಡ್ತೀನಿ’ ಎಂದು ಕೇಳಿ ಹೋದರು. ಮರುದಿನದಿಂದ ಆಫೀಸು ಮುಗಿಸಿ ದಿನಾ ಬಂದು, ಮಗುವನ್ನು ಎದೆಯ ಮೇಲೆ ಮಲಗಿಸಿಕೊಂಡು ವರಾಂಡದಲ್ಲಿ ಕೂರುತ್ತಿದ್ದರು.

ತೂಕ ನೋಡಲು ಮನೆಯಲ್ಲಿ ತಕ್ಕಡಿ ಇರಲಿಲ್ಲ. ತಿಲಕ್ ನಗರದ ಮೂಲೆಯ ದಿನಸಿ ಅಂಗಡಿಯ ತಟ್ಟೆಯಲ್ಲಿ ಟವೆಲು ಹಾಸಿ ಮಗುವನ್ನು ಮಲಗಿಸುತ್ತಿದ್ದೆವು. ‘ಅಕ್ಕಿ ಬೇಳೆ ತೂಗೋದು ಸುಲಭ ಅಮ್ಮಾವ್ರೇ, ಇದು ನಿಂತ ಕಡೆ ನಿಲ್ಲಲ್ಲ’ ಎಂದು ಅಂಗಡಿಯವರು ನಗುತ್ತಿದ್ದರು. ವಾರ ವಾರಕ್ಕೂ ಮುಳ್ಳು ಸ್ವಲ್ಪ ಸ್ವಲ್ಪವೇ ಮುಂದೆ ಸರಿಯಿತು. ಒಂದು ದಿನ ನಾನು ಸ್ಕೂಲಿನಿಂದ ಬಂದಾಗ ಚಿಕ್ಕಮ್ಮನ ಮಡಿಲಲ್ಲಿ ಮಗು ಕುಡಿಯುತ್ತ ಕುಡಿಯುತ್ತ ನಿದ್ದೆ ಹೋಗಿತ್ತು, ಬಾಯಂಚಿನಿಂದ ಹಾಲು ಇಳಿದು ಕುತ್ತಿಗೆಯ ಮಡಿಕೆಯಲ್ಲಿ ನಿಂತಿತ್ತು. ಸುಜಾತ ಆಂಟಿ ಪಕ್ಕದಲ್ಲಿ ಸುಮ್ಮನೆ ಕೂತಿದ್ದರು. ಅವರ ಹತ್ತಿರ ಮಗು ಅಂದು ಹೋಗಿಯೇ ಇರಲಿಲ್ಲವಂತೆ. ಚಿಕ್ಕಮ್ಮ ತಲೆಯೆತ್ತಿ ನನ್ನನ್ನು ನೋಡಿ, ಬಾಯಿಗೆ ಬೆರಳಿಟ್ಟು ‘ಶ್’ ಎಂದಳು. ಅವಳ ಮುಖದ ಮೇಲಿದ್ದ ಗರ್ವದಂಥ ಗರ್ವವನ್ನು ನಾನು ಆಮೇಲೆ ಎಷ್ಟೋ ಮುಖಗಳಲ್ಲಿ ಕಂಡೆ. ಮೊದಲು ಕಂಡದ್ದು ಅಲ್ಲಿ.

ನಾಮಕರಣದ ದಿನ ತೊಟ್ಟಿಲು ತೂಗುವವರ ಹೆಸರು ಕರೆಯುವಾಗ ಅಜ್ಜಿ ಮೊದಲು ಸುಜಾತ ಆಂಟಿಯನ್ನು ಕರೆದಳು. ಬೀಗಿತ್ತಿ ಬಂದಿದ್ದರು, ಮುಖ ಬೇರೆ ಕಡೆ ಮಾಡಿಕೊಂಡು ಕೂತಿದ್ದರೂ ಎದ್ದು ಹೋಗಲಿಲ್ಲ. ಹಾಗೆಂದು ಅಜ್ಜಿ ಕೊನೆಯವರೆಗೂ ಸುಜಾತ ಆಂಟಿಯ ಮನೆಯಲ್ಲಿ ಊಟ ಮಾಡಲಿಲ್ಲ. ಬೇಕಾದಷ್ಟು ಸಲ ಹೋಗಿ ಕೂತು ಹರಟೆ ಹೊಡೆದಳು, ಆನಂದನಿಗೆ ಎಣ್ಣೆ ಒತ್ತಿ ನೀರು ಹಾಕಿದಳು, ಆದರೆ ತಟ್ಟೆ ಮುಂದೆ ಬಂದರೆ ‘ಈಗಷ್ಟೇ ಆಯ್ತಮ್ಮ’ ಎನ್ನುತ್ತಿದ್ದಳು. ಸುಜಾತ ಆಂಟಿ ನಕ್ಕು ತಟ್ಟೆ ಹಿಂದೆ ತೆಗೆದುಕೊಳ್ಳುತ್ತಿದ್ದರು. ಆ ನಗುವಿನಲ್ಲಿ ಏನಿತ್ತೆಂದು ನಾನು ಅವರನ್ನು ಕೇಳಿಲ್ಲ. ಅಮ್ಮ ಮಾತ್ರ ಆ ವರ್ಷದಿಂದ ದೀಪಾವಳಿಯ ಮರುದಿನ ನಮ್ಮನ್ನೆಲ್ಲ ಕರೆದುಕೊಂಡು ಅವರ ಮನೆಯಲ್ಲಿ ಊಟ ಮಾಡುವುದನ್ನು ತಪ್ಪಿಸಲಿಲ್ಲ.

ಸುದ್ದಿ ತಾನಾಗಿ ಹರಡಿತು. ಚಿಕ್ಕಮ್ಮನ ಎಕ್ಸ್‌ಚೇಂಜಿನ ಗೆಳತಿಯೊಬ್ಬಳು ಬಂದಳು, ಅವಳ ನಾದಿನಿ ಬಂದಳು, ದಿನಸಿ ಅಂಗಡಿಯವರ ಸೊಸೆ ಬಂದಳು. ‘ಹಾಲಿಲ್ಲ’ ಎಂದು ಅಳುತ್ತ ಬಂದವರೇ ಎಲ್ಲ. ಅಮ್ಮ ಅವರ ಮಾತನ್ನು ನಂಬುತ್ತಿರಲಿಲ್ಲ. ಹಾಗೆಂದು ಬೈಯುತ್ತಲೂ ಇರಲಿಲ್ಲ. ಮೊದಲು ಊಟ ಹಾಕುತ್ತಿದ್ದಳು. ಆಮೇಲೆ ಜೊತೆಗೆ ಬಂದವರನ್ನು ವರಾಂಡಕ್ಕೆ ಕಳಿಸುತ್ತಿದ್ದಳು. ಆಮೇಲೆ ಕೂರುತ್ತಿದ್ದಳು, ಎಷ್ಟು ಹೊತ್ತಾದರೂ ಸರಿ. ಜ್ವರವೋ ಕೀವೋ ಕಂಡರೆ ತಾನೇ ಲೇಡಿ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದಳು. ಕೆಲವರ ಮನೆಗೆ ಅವಳೂ ಸುಜಾತ ಆಂಟಿಯೂ ಬಸ್ಸು ಹತ್ತಿ ಹೋಗುತ್ತಿದ್ದರು, ಬನಶಂಕರಿ, ಜೆ.ಪಿ. ನಗರ, ಪುಟ್ಟೇನಹಳ್ಳಿಯ ಕೆರೆ ಏರಿಯ ಆಚೆಯ ಮನೆಗಳಿಗೂ. ಎಲ್ಲರಿಗೂ ಆಗಲಿಲ್ಲ. ಕೆಲವರಿಗೆ ಎಷ್ಟು ಪ್ರಯತ್ನ ಪಟ್ಟರೂ ಹಾಲು ಸಾಲಲಿಲ್ಲ. ಅಂಥವರಿಗೆ ಹಸುವಿನ ಹಾಲನ್ನು ಹೇಗೆ ಕಾಯಿಸಿ ಒಳಲೆಯಲ್ಲಿ ಕುಡಿಸಬೇಕೆಂದು ಅಮ್ಮ ಅಷ್ಟೇ ತಾಳ್ಮೆಯಿಂದ ಹೇಳಿಕೊಟ್ಟಳು. ‘ಸೋತೆ ಅಂತ ಅಂದ್ಕೋಬೇಡ’ ಎಂದು ಅವರಿಗೆ ಹೇಳುವುದನ್ನು ನಾನು ಕೇಳಿದ್ದೇನೆ. ಚಿಕ್ಕ ಕೋಣೆ ಮತ್ತೆ ನನ್ನ ಪುಸ್ತಕಗಳಿಗೆ ಸಿಗಲೇ ಇಲ್ಲ. ನಾನು ಎಸ್ಸೆಸ್ಸೆಲ್ಸಿ ಓದಿದ್ದೂ ಪಿಯುಸಿ ಓದಿದ್ದೂ ವರಾಂಡದಲ್ಲಿಯೇ.

ನಾನು ಡಿಗ್ರಿಯಲ್ಲಿದ್ದಾಗ ಒಂದು ಸಲ ಅಮ್ಮ ಮತ್ತು ಸುಜಾತ ಆಂಟಿ ಯಾವುದೋ ಮದುವೆಗೆಂದು ಮೈಸೂರಿಗೆ ಹೋಗಿದ್ದರು. ಅಜ್ಜಿ ತೀರಿಕೊಂಡು ಆಗಲೇ ಒಂದೆರಡು ವರ್ಷವಾಗಿತ್ತು. ಮಧ್ಯಾಹ್ನದ ಹೊತ್ತು, ಮನೆಯಲ್ಲಿ ನಾನೊಬ್ಬಳೇ. ಗೇಟಿನ ಮುಂದೆ ಆಟೋ ನಿಂತಿತು. ಬಿ.ಟಿ.ಎಂ. ಲೇಔಟಿನಲ್ಲಿ ಆಗ ತಾನೇ ಮನೆಗಳು ಏಳುತ್ತಿದ್ದವು, ಅಲ್ಲಿಂದ ಬಂದವರು. ನನಗಿಂತ ಒಂದೆರಡು ವರ್ಷ ದೊಡ್ಡವಳಾದ ಹುಡುಗಿ, ಅವಳ ಅತ್ತೆ, ಟವೆಲಿನೊಳಗೆ ಕೂಗಿ ಕೂಗಿ ಗಂಟಲು ಕಟ್ಟಿದ ಮಗು.

“ಮೇಡಂ ಇದಾರಾ?” ಎಂದು ಅತ್ತೆ ಕೇಳಿದರು.

“ಊರಲ್ಲಿಲ್ಲ. ನಾಳಿದ್ದು ಬರ್ತಾರೆ.”

ಆ ಹುಡುಗಿ ಆಟೋದಿಂದ ಇಳಿದೂ ಇರಲಿಲ್ಲ. ನಾನು ಹೇಳಿದ್ದು ಕೇಳಿ ತಲೆ ತಗ್ಗಿಸಿದಳು. ಅವಳ ರವಿಕೆಯ ಮುಂಭಾಗ ಒದ್ದೆಯಾಗಿತ್ತು. ಅದನ್ನು ನೋಡಿದ ಮೇಲೆ ಅವರನ್ನು ಹಾಗೆಯೇ ಕಳಿಸಲು ನನ್ನಿಂದ ಆಗಲಿಲ್ಲ.

“ಇಳೀರಿ. ನಾನು ನೋಡ್ತೀನಿ.”

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕೈಯಲ್ಲಿ ಕೆಮಿಸ್ಟ್ರಿ ಪುಸ್ತಕ, ಎರಡು ಜಡೆ.

“ಮದ್ವೆ ಆಗಿದ್ಯೇನಮ್ಮ ನಿಂಗೆ?”

“ಇಲ್ಲ.”

“ಮತ್ತೆ ನಿಂಗೇನು ಗೊತ್ತಾಗುತ್ತೆ?”

“ಮಗೂಗೆ ಹಸಿವಾಗಿದೆ ಅಂತ ಗೊತ್ತಾಗ್ತಿದೆ ಆಂಟಿ. ಒಳಗ್ ಬನ್ನಿ. ನೀವು ವರಾಂಡದಲ್ಲಿ ಕೂತಿರಿ.”

ಅವರಿಗೆ ಏನನ್ನಿಸಿತೋ, ಕೂತರು. ನಾನು ಹುಡುಗಿಯನ್ನು ಚಿಕ್ಕ ಕೋಣೆಯ ಮಂಚದ ಮೇಲೆ ಕೂರಿಸಿ, ಕೈ ತೊಳೆದು, ನೀರು ಕಾಯಿಸಿ, ಶಾಖಕ್ಕೆಂದು ಬಟ್ಟೆ ಅದ್ದಿ ಅವಳಿಗೆ ಕೊಟ್ಟೆ. ಕಟ್ಟಿದ ಹಾಲನ್ನು ಸ್ವಲ್ಪ ಹಿಂಡಿ ತೆಗೆಯಲು ಹೇಳಿಕೊಟ್ಟೆ. ಹಿಂಡಿದ್ದನ್ನು ಒಳಲೆಯಲ್ಲಿ ಮಗುವಿಗೆ ಕುಡಿಸಿದೆ, ಅದು ಕೂಗು ನಿಲ್ಲಿಸಿತು. ಹೊಟ್ಟೆಗೆ ಹೊಟ್ಟೆ ತಾಗಿಸಿ ಹಿಡಿಸಿದೆ. ಮಗು ಬಾಯಿ ಹಾಕಿತು, ಬಿಟ್ಟಿತು. ನಾನು ಅವಳ ಬೆನ್ನಿನ ದಿಂಬು ಸರಿಮಾಡಿದೆ. ಮತ್ತೆ ಹಾಕಿತು, ಮತ್ತೆ ಬಿಟ್ಟಿತು. ಹುಡುಗಿಯ ಕಣ್ಣಿನಿಂದ ನೀರು ಮಗುವಿನ ಕೆನ್ನೆಯ ಮೇಲೆ ಬೀಳುತ್ತಿತ್ತು.

“ನಂಗೆ ಆಗಲ್ಲ ಅಕ್ಕ.”

ನನ್ನನ್ನು ಅಕ್ಕ ಎಂದಳು, ನನಗಿಂತ ದೊಡ್ಡವಳು.

“ಆಗುತ್ತೆ. ಕಣ್ಣೊರೆಸ್ಕೊಳ್ಳಿ. ಅವ್ನು ಬಾಯಿ ದೊಡ್ಡದಾಗಿ ತೆಗೀಲಿ, ಅಲ್ಲಿವರ್ಗೂ ಕಾಯೋಣ. ನಂಗೇನೂ ಅವಸರ ಇಲ್ಲ.”

ಕಾದೆವು. ಬಿಸಿಲು ಕಿಟಕಿಯಿಂದ ಮಂಚದ ಕಾಲಿಗೆ ಸರಿಯಿತು. ಮಗು ಮೂಗನ್ನು ಆಚೀಚೆ ಉಜ್ಜಿ, ಆಕಳಿಸುವಷ್ಟು ಬಾಯಿ ತೆರೆಯಿತು. ಅವಳು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಈ ಸಲ ಅದು ಬಿಡಲಿಲ್ಲ. ಅದರ ದವಡೆ ಮೇಲೆ ಕೆಳಗೆ ಆಡತೊಡಗಿತು. ಅವಳು ನೋವಿಗೆ ಕಾದಳು, ನೋವು ಬರಲಿಲ್ಲ. ನುಂಗುವ ಸದ್ದು ಕೇಳಿಸಿದಾಗ ಉಸಿರು ಬಿಟ್ಟು ಗೋಡೆಗೆ ಒರಗಿದಳು.

ಅತ್ತೆ ಬಾಗಿಲಿಗೆ ಬಂದು ಇಣುಕಿದರು. ಬಹಳ ಹೊತ್ತು ನೋಡುತ್ತ ನಿಂತರು. ಆಮೇಲೆ ದನಿ ತಗ್ಗಿಸಿ ನನ್ನನ್ನು ಕೇಳಿದರು.

“ನಾಳೇನೂ ಕರ್ಕೊಂಡ್ ಬರ್ಲೇನಮ್ಮ? ಮೇಡಂ ಇರಲ್ಲ ಅಂದ್ಯಲ್ಲ?”

“ಬನ್ನಿ,” ಎಂದೆ. “ನಾನಿರ್ತೀನಿ.”